ಕಳ್ಳನ ಪಾರ್ಟು

“ಎಳೀರಿ,” ಎಂದಳು ಹೆಂಡತಿ ಒಳಗಿನಿಂದ. ಅವನು ಕಾರಿನ ಬಾಗಿಲಿನ ಹಿಡಿ ಎಳೆದ. ತೆರೆಯಲಿಲ್ಲ. “ಆ ಕಡೇದೂ ಎಳೀರಿ.” ಅವನು ಸುತ್ತಿ ಹೋಗಿ ಆ ಕಡೆಯ ಹಿಡಿಯನ್ನೂ ಎಳೆದ. ಅದೂ ತೆರೆಯಲಿಲ್ಲ. ಎದುರು ಮನೆಯ ಮಹಡಿಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದ ಹೆಂಗಸು ಕೈಯಲ್ಲಿನ ಹೊದಿಕೆಯನ್ನು ಹಾಗೆಯೇ ಹಿಡಿದು ತನ್ನನ್ನೇ ನೋಡುತ್ತಿದ್ದಾಳೆ ಎಂಬುದು ತಲೆ ಎತ್ತದೆಯೇ ಅವನಿಗೆ ಗೊತ್ತಾಗುತ್ತಿತ್ತು. ಪ್ರತಿ ಸಂಜೆ ಒಬ್ಬ ಗಂಡಸು ತನ್ನದೇ ಮನೆಯ ಮುಂದೆ ನಿಂತ ಕಾರನ್ನು ಕದಿಯಲು ಹೋಗಿ, ಸೋತು, ಚಪ್ಪಲಿ ಎಳೆದುಕೊಂಡು ಒಳಗೆ ಹೋಗುವುದನ್ನು ಅವಳು ಏನೆಂದು ತಿಳಿದುಕೊಂಡಿದ್ದಾಳೋ. “ತೆರೀತಾ?” ಎಂದು ಹೆಂಡತಿ ಕೇಳಿದಳು. “ಇಲ್ಲ.” “ಸರಿ, ಬನ್ನಿ.” ಆ ‘ಸರಿ’ಯಲ್ಲಿ ಒಂದು ತೃಪ್ತಿಯಿತ್ತು. ಇಡೀ ದಿನದಲ್ಲಿ ಅವಳ ಬಾಯಿಂದ ಅವನ ಪಾಲಿಗೆ ಬರುತ್ತಿದ್ದ ತೃಪ್ತಿಯ ಮಾತು ಅದೊಂದೇ, ಅದೂ ಅವನ ಕೈಯಲ್ಲಿ ಆಗದೇ ಹೋದದ್ದಕ್ಕೆ.

ಅದು ಕೀ ತಿರುಗಿಸುವ ಕಾರಲ್ಲ. ಕೀ ಅವಳ ಕೈಚೀಲದ ತಳದಲ್ಲಿ, ಬಾಚಣಿಗೆ, ಮಾತ್ರೆ, ಹಳೆಯ ರಸೀತಿಗಳ ನಡುವೆ ಎಲ್ಲೋ ಬಿದ್ದಿದ್ದರೂ ಸಾಕು. ಅವಳು ಹತ್ತಿರ ಬಂದೊಡನೆ ಮಡಿಸಿಕೊಂಡಿದ್ದ ಎರಡೂ ಕನ್ನಡಿಗಳು ಕಿವಿ ನಿಮಿರಿಸಿದಂತೆ ಬಿಚ್ಚಿಕೊಳ್ಳುತ್ತಿದ್ದವು, ದೀಪಗಳು ಒಮ್ಮೆ ಮಿಟುಕುತ್ತಿದ್ದವು, ಅವಳ ಬೆರಳು ತಾಗಿದರೆ ಬಾಗಿಲು ತೆರೆಯುತ್ತಿತ್ತು. ಅವನ ಬೆರಳಿಗೆ ಅದು ಬರೀ ಲೋಹ. ಅಂಗಡಿಗೆ ಹೋದಾಗ ಸಾಮಾನಿನ ಚೀಲ ಹೊತ್ತು ಅವನು ಮೊದಲೇ ಬಂದುಬಿಟ್ಟರೆ, ಅವಳು ಯಾರ ಜೊತೆಗೋ ಮಾತು ಮುಗಿಸಿ ಬರುವ ತನಕ ಅದರ ಪಕ್ಕ ನಿಂತಿರಬೇಕು. ಒಮ್ಮೆ ಮಳೆಯಲ್ಲಿ ಹಾಗೆ ನಿಂತಿದ್ದಾಗ ಪಕ್ಕದ ಕಾರಿನವನೊಬ್ಬ, “ಡ್ರೈವರೇ, ನಿಮ್ಮ ಗಾಡಿ ಸ್ವಲ್ಪ ಮುಂದಕ್ಕೆ ತಗೊಳ್ತೀರಾ?” ಎಂದು ಕೇಳಿದ್ದ. ಅವನು “ಮೇಡಂ ಬರ್ಲಿ” ಎಂದುಬಿಟ್ಟಿದ್ದ. ಹೇಳಿದ ಮೇಲೆ ತನ್ನ ಬಾಯಿಗೆ ಆ ಮಾತು ಎಷ್ಟು ಸಲೀಸಾಗಿ ಬಂತೆಂದು ಹೆದರಿದ. ಎರಡನೇ ಕೀ ಇತ್ತು. ಅವನು ಒಮ್ಮೆ ಗೇಟಿನ ಕಂಬಕ್ಕೆ ಕಾರಿನ ಪಕ್ಕೆ ಉಜ್ಜಿಸಿದ ಮೇಲೆ ಅದು ಅವಳ ಆಫೀಸಿನ ಲಾಕರಿಗೆ ಹೋಯಿತು. ಓಡಿಸಬೇಡಿ ಎಂದು ಅವಳು ಒಂದು ದಿನವೂ ಹೇಳಲಿಲ್ಲ. ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು.

ಅವಳು ವಿಮೆ ಕಂಪನಿಯೊಂದರಲ್ಲಿ ಕಳುವಾದ ಕಾರುಗಳ ವಿಭಾಗದ ಮುಖ್ಯಸ್ಥೆ. ಬೇರೆಯವರು ಆಫೀಸಿನಿಂದ ಫೈಲು ತಂದಂತೆ ಅವಳು ಮನೆಗೆ ಭಯವನ್ನು ತರುತ್ತಿದ್ದಳು. ಊಟಕ್ಕೆ ಕೂತಾಗ ವಿವರಿಸಿದ್ದಳು: “ಈ ಕೀ ಇದೆಯಲ್ಲ, ಮನೇಲಿ ಸುಮ್ನೆ ಬಿದ್ದಿರುವಾಗ್ಲೂ ಸಣ್ಣಗೆ ಕೂಗ್ತಾನೇ ಇರುತ್ತೆ. ಆ ಕೂಗು ಒಂದೆರಡು ಮಾರು ದೂರಕ್ಕೆ ಕೇಳ್ಸುತ್ತೆ ಅಷ್ಟೆ. ಒಬ್ಬ ಕಳ್ಳ ಚೀಲದಲ್ಲಿ ಒಂದು ಯಂತ್ರ ಇಟ್ಕೊಂಡು ನಮ್ಮ ಬಾಗಿಲ ಹತ್ರ ನಿಲ್ತಾನೆ. ಇನ್ನೊಬ್ಬ ಕಾರಿನ ಹತ್ರ. ಇವನು ಆ ಕೂಗನ್ನ ಎತ್ಕೊಂಡು ಅವನಿಗೆ ದಾಟಿಸ್ತಾನೆ. ಕಾರು ಪಾಪ, ಯಜಮಾನಿ ಬಂದ್ಲು ಅಂದ್ಕೊಂಡು ಬಾಗಿಲು ತೆಗೆಯುತ್ತೆ. ಒಂದ್ಸಲ ಸ್ಟಾರ್ಟ್ ಆದ್ರೆ ಮುಗೀತು, ಆಮೇಲೆ ಕೀ ಇಲ್ದಿದ್ರೂ ನಿಲ್ಲಲ್ಲ.” ಇವರ ಜೊತೆಗೇ ಇದ್ದ ಅತ್ತೆ, ಹೆಂಡತಿಯ ಅಮ್ಮ, ತುತ್ತನ್ನು ಕೈಯಲ್ಲೇ ಹಿಡಿದು ಕೇಳಿಸಿಕೊಳ್ಳುತ್ತಿದ್ದರು. “ಗಾಜುಗೀಜು ಒಡೆಯಲ್ವೇನೇ?” “ಯಾಕಮ್ಮ ಒಡೀಬೇಕು, ಅದೇ ತೆರ್ಕೊಳ್ಳುತ್ತೆ.” “ಹಾಗಾದ್ರೆ ಅದು ಕಳ್ಳತನ ಅಲ್ಲ ಬಿಡು. ಓಡಿಹೋಗೋದು.” ಅವನಿಗೆ ನಗು ತಡೆಯಲಾಗಲಿಲ್ಲ, ನೀರು ನೆತ್ತಿಗೇರಿತು. ಅತ್ತೆಯೂ ನಕ್ಕರು, ಅವನೇ ಮಾಡಿಕೊಟ್ಟ ಹಲ್ಲಿನ ಸೆಟ್ಟು ಪೂರ್ತಿ ಕಾಣುವ ಹಾಗೆ. ಹೆಂಡತಿ ಮಾತ್ರ ನಗಲಿಲ್ಲ. ಅವರಿಬ್ಬರೂ ಮುಗಿಸುವ ತನಕ ಕಾದು, “ನಿಮ್ಮಿಬ್ಬರಿಗೂ ಯಾವುದೂ ಕಳೆದುಹೋಗಿಲ್ಲ, ಅದಕ್ಕೆ ನಗು ಬರುತ್ತೆ” ಎಂದಳು.

ಮೊದಲು ಸಿಗ್ನಲ್ ತಡೆಯುವ ಒಂದು ಕಪ್ಪು ಚೀಲ ತಂದಿದ್ದಳು. ಕೀಯನ್ನು ಅದರೊಳಗೆ ಹಾಕಿ, ತಾನು ಬಾಗಿಲ ಒಳಗೆ ಹಿಡಿದು ನಿಂತು, ಹಿಡಿ ಎಳೆಯಲು ಅವನನ್ನು ಕಳಿಸುತ್ತಿದ್ದಳು. “ಕಳ್ಳನ ಪಾರ್ಟು ನಿಮಗೆ” ಎಂದಿದ್ದರು ಅತ್ತೆ ತಮಾಷೆಗೆ. ಹೆಂಡತಿಗೆ ಅದು ತಮಾಷೆಯಲ್ಲ, ಕೆಲಸ. ಒಂದು ಸಂಜೆ ಚೀಲದ ಅಂಚು ಸವೆದಿತ್ತೋ ಏನೋ, ಅವನು ಎಳೆದ ಕೂಡಲೇ ಬಾಗಿಲು ತೆರೆದುಕೊಂಡಿತು. ಒಳಗಿನ ತಂಪು ಗಾಳಿ, ಹೊಸ ಸೀಟಿನ ವಾಸನೆ ಮುಖಕ್ಕೆ ಬಡಿಯಿತು. ಅವಳು ಓಡಿ ಬಂದು ಬಾಗಿಲನ್ನು ಅವನ ಕೈಯಿಂದ ಕಿತ್ತುಕೊಂಡಂತೆ ಮುಚ್ಚಿ, ಚೀಲವನ್ನು ಕಸಕ್ಕೆ ಎಸೆದಳು. ಆಮೇಲೆ ಅಮ್ಮನ ಗುಂಡಿ, ಸೂಜಿಗಳ ಡಬ್ಬಿಗೆ ಕಣ್ಣು ಹಾಕಿದಳು. ಬಿಗಿ ಮುಚ್ಚಳದ ದಪ್ಪ ತಗಡಿನ ಡಬ್ಬಿ. ಗುಂಡಿಗಳೆಲ್ಲ ಒಂದು ಒಡಕು ಲೋಟಕ್ಕೆ ಹೋದವು. ಡಬ್ಬಿ ಬಾಗಿಲಿಂದ ಅತಿ ದೂರದ ಕೋಣೆಯಲ್ಲಿ, ಅತ್ತೆಯ ಬೀರುವಿನಲ್ಲಿ ಕೂತಿತು. ಸಾಲದ್ದಕ್ಕೆ ಸ್ಟೇರಿಂಗ್ ತಿರುಗದಂತೆ ಬಿಗಿಯುವ ಹಳದಿ ಬಣ್ಣದ ಒಂದು ಕಬ್ಬಿಣದ ರಾಡು. ಆ ಡಬ್ಬಿಯಿಂದ ಕೂಗು ಹೊರಗೆ ಬರಲೇ ಇಲ್ಲ. ಅವನು ಎಳೆಯುತ್ತಲೇ ಇದ್ದ, ಅದು ತೆರೆಯದೇ ಇತ್ತು.

ಅವನ ಕೆಲಸ ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನ ಹಿಂದೆ, ಕಿಟಕಿಯಿಲ್ಲದ ಕೋಣೆಯಲ್ಲಿ. ಕಟ್ಟು ಹಲ್ಲು ಮಾಡುತ್ತಿದ್ದ. ಗೋಡೆಯುದ್ದಕ್ಕೂ ಅಪರಿಚಿತರ ಬಾಯಿಗಳ ಪ್ಲಾಸ್ಟರಿನ ಅಚ್ಚುಗಳು ಸಾಲಾಗಿ ಕೂತಿರುತ್ತಿದ್ದವು. ಯಾರು ನಿದ್ದೆಯಲ್ಲಿ ಹಲ್ಲು ಕಡಿಯುತ್ತಾರೆ, ಯಾರು ಒಂದೇ ಕಡೆ ಅಗಿಯುತ್ತಾರೆ, ಯಾರು ಮಾತು ಬರುವ ಮೊದಲೇ ನಾಲಗೆ ಕಚ್ಚಿಕೊಳ್ಳುತ್ತಾರೆ ಎಂದು ಅಚ್ಚು ನೋಡಿ ಹೇಳಬಲ್ಲ. ಜೀವಂತ ಬಾಯಿಗಳ ಮುಂದೆ ಮಾತ್ರ ಅವನಿಗೆ ಮಾತು ತಡವರಿಸುತ್ತಿತ್ತು. ಅತ್ತೆ ಇವರ ಜೊತೆ ಇರಲು ಬಂದಾಗ ಮೇಲಿನ ದವಡೆಯಲ್ಲಿ ಒಂದು ಹಲ್ಲೂ ಇರಲಿಲ್ಲ. ಅವನು ಬಹಳ ಮುತುವರ್ಜಿಯಿಂದ, ಸ್ವಲ್ಪ ಹಳದಿ ಬೆರೆಸಿ, ಒಂದು ಹಲ್ಲು ಅಷ್ಟಿಷ್ಟು ಸೊಟ್ಟಗೆ ಇಟ್ಟು, ಹುಟ್ಟಿನಿಂದ ಬಂದವೇ ಅನ್ನಿಸುವಂಥ ಸೆಟ್ಟು ಮಾಡಿಕೊಟ್ಟ. “ನನ್ನ ಅಳಿಯ ಮಾಡಿದ್ದು” ಎಂದು ಅವರು ಬೀದಿಯಲ್ಲಿ ಸಿಕ್ಕವರಿಗೆಲ್ಲ ನಕ್ಕು ತೋರಿಸುತ್ತಿದ್ದರು. ಆ ಮನೆಯಲ್ಲಿ ಅವನ ಪರವಾಗಿ ನಗುತ್ತಿದ್ದವರು ಅವರೊಬ್ಬರೇ. ಇದು ಅವನಿಗೆ ಗೊತ್ತಿರಲಿಲ್ಲವೆಂದಲ್ಲ.

ಅದೊಂದು ರಜೆಯ ದಿನ. ಊಟವಾಗಿ ಹೆಂಡತಿ ಮಲಗಿದ್ದಳು, ಅತ್ತೆ ಬಚ್ಚಲಿಗೆ ಹೋಗಿದ್ದರು. ಬೀರು ತೆಗೆದು ಡಬ್ಬಿಯಿಂದ ಕೀ ಎತ್ತಿಕೊಳ್ಳುವಾಗ ಅವನಿಗೆ ಯಾವ ಉದ್ದೇಶವೂ ಇರಲಿಲ್ಲ. ಸುಮ್ಮನೆ ಒಮ್ಮೆ ಕಾರಿನಲ್ಲಿ ಕೂರಬೇಕು, ಅಷ್ಟೆ. ಅವನು ಹತ್ತಿರ ಹೋಗುತ್ತಲೇ ಕನ್ನಡಿಗಳು ಬಿಚ್ಚಿಕೊಂಡವು. ಬೀದಿಯಲ್ಲಿ ಯಾರೂ ಇಲ್ಲದ್ದು ಅವನಿಗೆ ಬೇಸರವೇ ತರಿಸಿತು. ಎದುರು ಮನೆಯ ಹೆಂಗಸು ಈಗ ನೋಡಬೇಕಿತ್ತು. ಒಳಗೆ ಕೂತು, ಕೀ ಜೊತೆಗಿದ್ದ ಸಣ್ಣ ಚಾವಿಯಿಂದ ರಾಡನ್ನು ಬಿಚ್ಚಿ ಪಕ್ಕದ ಸೀಟಿನ ಮೇಲಿಟ್ಟು, ಎರಡೂ ಕೈಯಿಂದ ಸ್ಟೇರಿಂಗ್ ಹಿಡಿದುಕೊಂಡ. ಎಲ್ಲಿಗೆ ಹೋಗಬೇಕೆಂದು ಯೋಚಿಸಿದ. ಎಲ್ಲಿಗೂ ಹೋಗಬೇಕಾದದ್ದಿರಲಿಲ್ಲ. ಇಷ್ಟು ಬಿಡುವಿನಲ್ಲಿ ತಾನು ಹೋಗಬಯಸುವ ಒಂದು ಊರಾಗಲಿ, ನೋಡಬಯಸುವ ಒಬ್ಬ ಮನುಷ್ಯನಾಗಲಿ ನೆನಪಿಗೆ ಬರದಿದ್ದಾಗ ನಾಚಿಕೆಯಾಗಿ ಇಳಿದುಬಿಟ್ಟ. ರಾಡು ಸೀಟಿನ ಮೇಲೆಯೇ ಉಳಿಯಿತು. ಮನೆಯೊಳಗೆ ಬಂದರೆ ಅತ್ತೆ ಬೀರುವಿನ ಪಕ್ಕ ಕುರ್ಚಿಯಲ್ಲಿ ಕೂತುಬಿಟ್ಟಿದ್ದರು, ಕಣ್ಣು ಮುಚ್ಚಿದ್ದರು. ಬೀರು ತೆಗೆದರೆ ಸದ್ದಿಗೆ ಏಳುತ್ತಾರೆ, ಕೀ ಯಾಕೆ ತೆಗೆದಿರಿ ಎಂಬ ಪ್ರಶ್ನೆ ಬರುತ್ತದೆ. ಕಾರಿನಲ್ಲಿ ಕೂರೋಣ ಅನ್ನಿಸಿತು ಎಂದು ಈ ವಯಸ್ಸಿನ ಗಂಡಸು ಹೇಗೆ ಹೇಳುವುದು? ಕೀಯನ್ನು ಬಾಗಿಲ ಪಕ್ಕದ ಚಪ್ಪಲಿ ಸ್ಟ್ಯಾಂಡಿನ ಮೇಲೆ, ಹಳೆಯ ಪೇಪರಿನ ಕೆಳಗೆ ತಳ್ಳಿ, ಅವರು ಏಳಲಿ ಎಂದು ಕಿಟಕಿಯ ಹತ್ತಿರ ಹೋಗಿ ನಿಂತ.

ಇಬ್ಬರು ಬಂದರು. ಒಬ್ಬನ ಹೆಗಲಲ್ಲಿ ಚಪ್ಪಟೆಯಾದ ಒಂದು ಚೀಲ. ವಿಳಾಸ ಹುಡುಕುವವನಂತೆ ಮನೆಯ ನಂಬರು ನೋಡುತ್ತ, ಮೆಟ್ಟಿಲು ಹತ್ತಿ, ಬಾಗಿಲಿಗೆ ಒರಗಿದಂತೆ ನಿಂತ. ಬೆಲ್ ಒತ್ತಲಿಲ್ಲ. ಇನ್ನೊಬ್ಬ ಕಾರಿನ ಪಕ್ಕ ಹೋಗಿ ಜೇಬಿನಲ್ಲಿ ಕೈ ಇಟ್ಟುಕೊಂಡ. ಹೆಂಡತಿ ಊಟದ ಮೇಜಿನಲ್ಲಿ ವಿವರಿಸಿದ್ದು ಹಾಗೆಯೇ ಕಣ್ಣ ಮುಂದೆ ನಡೆಯತೊಡಗಿದಾಗ ಮೊದಲು ಅವನಿಗೆ ಆದದ್ದು ಗಾಬರಿಯಲ್ಲ, ಪಾಠದಲ್ಲಿ ಓದಿದ ಪ್ರಾಣಿಯನ್ನು ಬೀದಿಯಲ್ಲಿ ಕಂಡ ಕುತೂಹಲ. ಗಾಜಿನ ಮೇಲೆ ಒಂದು ಬೆರಳು ತಟ್ಟಿದ್ದರೆ ಸಾಕಿತ್ತು. ಕೆಮ್ಮಿದ್ದರೂ ಸಾಕಿತ್ತು. ಅವನು ಕೆಮ್ಮಲಿಲ್ಲ. ತೆರೆಯುತ್ತದೋ ಇಲ್ಲವೋ, ಅದನ್ನು ನೋಡಬೇಕಿತ್ತು. ಇಷ್ಟೂ ಸಂಜೆಗಳಲ್ಲಿ ತನಗೆ ತೆರೆಯದಿದ್ದದ್ದು. ಕನ್ನಡಿಗಳು ಬಿಚ್ಚಿಕೊಂಡವು. ದೀಪ ಮಿಟುಕಿತು. ಅವಳಿಗೆ ಮಾಡುತ್ತಿದ್ದ ಮರ್ಯಾದೆಯಲ್ಲಿ ಒಂದಿಷ್ಟೂ ಕಡಿಮೆ ಮಾಡದೆ ಅದು ಆ ಅಪರಿಚಿತನಿಗೆ ಬಾಗಿಲು ತೆರೆಯಿತು. ಕಿಟಕಿಯ ಹಿಂದೆ ನಿಂತವನೊಳಗೆ ಸುಖದಂಥದ್ದೇನೋ ಉಕ್ಕಿತು. ಒಳಗೆ ಕೂರಲು ಬಗ್ಗಿದವನು ಯಾಕೋ ತಲೆ ಎತ್ತಿ, ನೇರವಾಗಿ ಕಿಟಕಿಯತ್ತ ನೋಡಿದ. ಹುಡುಗುತನ ಇನ್ನೂ ಪೂರ್ತಿ ಹೋಗದ ಮುಖ, ಮುಂದಿನ ಒಂದು ಹಲ್ಲು ಓರೆಯಾಗಿ ಮುರಿದಿತ್ತು. ಅದನ್ನು ಸುಲಭವಾಗಿ ಸರಿಮಾಡಬಹುದು ಎಂದು ಇವನಿಗೆ ಅನ್ನಿಸಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಹುಡುಗ ಓಡಲು ಕಾಲು ಹಿಂದಿಟ್ಟ. ಆಗ ಇವನು, ಬಟ್ಟೆ ಬದಲಿಸುತ್ತಿರುವವರನ್ನು ಅರಿಯದೆ ಕಂಡುಬಿಟ್ಟವನ ಹಾಗೆ, ಕೈ ಎತ್ತಿ ಪರದೆ ಎಳೆದ.

ಎಂಜಿನ್ನಿನ ಸದ್ದು ಬೀದಿಯ ತಿರುವಿನಲ್ಲಿ ಕರಗಿದ ಮೇಲೂ ಅವನು ಪರದೆಯ ಬಟ್ಟೆಯನ್ನು ಹಿಡಿದೇ ನಿಂತಿದ್ದ.

ಹೆಂಡತಿ ಎದ್ದು, ಮುಖ ತೊಳೆದು, ಕಿಟಕಿ ತೆರೆದಳು. ಕಿರುಚಲಿಲ್ಲ. ಬರಿಗಾಲಿನಲ್ಲಿ ಹೊರಗೆ ಹೋಗಿ ಕಾರು ನಿಲ್ಲುತ್ತಿದ್ದ ಜಾಗದ ನಡುವೆ, ಎಣ್ಣೆಯ ಕಲೆಯ ಮೇಲೆ ನಿಂತಳು. ಅವಳ ಹಿಮ್ಮಡಿಗಳು ಬಿರುಕು ಬಿಟ್ಟದ್ದನ್ನು ಅವನು ಗಮನಿಸಿದ್ದು ಆಗಲೇ. ಪೊಲೀಸಿನವನು ಬಂದ. ಬೀದಿಯಲ್ಲಿ ಯಾರ ಮನೆಗೂ ಕ್ಯಾಮೆರಾ ಇರಲಿಲ್ಲ. ಪೊಲೀಸಿನವನೇ ಚಪ್ಪಲಿ ಸ್ಟ್ಯಾಂಡಿನ ಮೇಲಿನ ಪೇಪರು ಎತ್ತಿ, “ಇದೇನಾ ಮೇಡಂ ಕೀ?” ಎಂದ. ಹೆಂಡತಿ ಆ ಕೀಯನ್ನು ನೋಡಿದ ರೀತಿ ಹೇಗಿತ್ತೆಂದರೆ, ಅದನ್ನು ಯಾರೋ ಅವಳ ಬಾಯೊಳಗಿಂದ ಎಳೆದು ತೆಗೆದಂತಿತ್ತು. “ರಾಡು ಹಾಕಿದ್ರಾ?” “ಹಾಕಿದ್ದೆ.” “ಹಾಕಿದ್ರೆ ಇಷ್ಟು ಸುಲಭವಾಗಿ ಹೋಗ್ತಿರ್ಲಿಲ್ಲ ಮೇಡಂ.” “ಹಾಕಿದ್ದೆ... ಅನ್ಸುತ್ತೆ.” ಆ ‘ಅನ್ಸುತ್ತೆ’ ಅವಳ ಬಾಯಿಗೆ ಹೊಸದು. ಅವನು ಅದನ್ನು ಕೇಳಿ ಒಳಗೊಳಗೇ ಬೆಚ್ಚಗಾದ, ತಕ್ಷಣ ತನ್ನನ್ನೇ ಶಪಿಸಿಕೊಂಡ, ಆದರೂ ಬೆಚ್ಚಗೇ ಇದ್ದ.

“ಡಬ್ಬಿಯಿಂದ ಕೀ ತೆಗೆದೋರು ಯಾರು?” ಪೊಲೀಸಿನವನು ಹೋದ ಮೇಲೆ ಅವಳು ಕೇಳಿದಳು. ಪ್ರಶ್ನೆ ಗೋಡೆಗೆ ಕೇಳಿದಂತಿತ್ತು. ಅವನು ಬಾಯಿ ತೆರೆದ. ನಾನು ಎಂಬ ಶಬ್ದ ನಾಲಗೆಯ ಬುಡದಲ್ಲಿ ನಿಜವಾಗಿಯೂ ಇತ್ತು, ಅದರ ಭಾರ ಅವನಿಗೆ ಗೊತ್ತಾಗುತ್ತಿತ್ತು. ಅಷ್ಟರಲ್ಲಿ ಅತ್ತೆ ಕೋಣೆಯ ಬಾಗಿಲಲ್ಲಿ ನಿಂತು, “ನಾನೇ ಇರ್ಬೇಕು ಕಣೇ. ಸೂಜಿ ಹುಡುಕ್ತಾ ಡಬ್ಬಿ ತೆಗೆದಿದ್ದೆ. ಕೀ ಎಲ್ಲಿಟ್ಟೆನೋ ಏನೋ” ಎಂದರು. ಅವನು ಬೆರಗಾಗಿ ಅವರನ್ನು ನೋಡಿದ. ಮುಖದಲ್ಲಿ ಏನೂ ಇರಲಿಲ್ಲ. ಪಾಪ, ಅರಳುಮರುಳು ಶುರುವಾಗಿದೆ ಎಂದುಕೊಂಡ. ಹಾಗೆಂದುಕೊಂಡದ್ದೇ ನಾಲಗೆಯ ಬುಡದ ಭಾರ ಇಳಿದು ಹೋಯಿತು.

ಹೆಂಡತಿಯ ಕ್ಲೇಮು ಅವಳ ಕೈಕೆಳಗಿನ ಹುಡುಗಿಯ ಮೇಜಿಗೆ ಹೋಯಿತಂತೆ. “ಕೀ ಎಲ್ಲಿತ್ತು ಮೇಡಂ?” ಎಂದು ಆ ಹುಡುಗಿ ತಲೆ ತಗ್ಗಿಸಿಕೊಂಡೇ ಕೇಳಿದಳಂತೆ. ಎಷ್ಟೋ ಮಂದಿಗೆ ಇವಳೇ ಕೇಳಿದ್ದ, ಉತ್ತರ ಬಂದೊಡನೆ ಅಜಾಗರೂಕತೆ ಎಂದು ಬರೆದು ಅವರನ್ನು ವಾಪಸು ಕಳಿಸಿದ್ದ ಪ್ರಶ್ನೆ. ಗಾಜಿನ ಗೋಡೆಯಾಚೆ ಎಲ್ಲರೂ ಬೇಕೆಂದೇ ಕೆಲಸದಲ್ಲಿ ಮುಳುಗಿದ್ದರಂತೆ. ಇದನ್ನೆಲ್ಲ ಅವಳು ಬಸ್ಸಿನಲ್ಲಿ ನಿಂತು ಬಂದ ಸಂಜೆ ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತ ಹೇಳಿದಳು, ಹೇಳುತ್ತ ಹೇಳುತ್ತಲೇ ಅಮ್ಮನ ಕೋಣೆಯ ಕಡೆ ತಿರುಗಿದಳು. “ಅಮ್ಮಾ, ಇವತ್ತು ಯಾವ ವಾರ?” ಅತ್ತೆ ಸರಿಯಾಗಿಯೇ ಹೇಳಿದರು. “ತಾರೀಖು?” “ತಾರೀಖು ತಗೊಂಡು ನಾನೇನೇ ಮಾಡ್ಲಿ?” “ಗೊತ್ತಿಲ್ಲ ಅನ್ನು.” ಅಂದಿನಿಂದ ಅದು ದಿನನಿತ್ಯದ ಪರೀಕ್ಷೆಯಾಯಿತು. ಸಂಜೆ ಹಿಡಿ ಎಳೆಯಬೇಕಾದವರು ಈಗ ಬೇರೆಯವರಾಗಿದ್ದರು. ಅತ್ತೆ ಲೋಟದಲ್ಲಿ ಗುಂಡಿ ಹುಡುಕಿದರೆ, “ಏನು ಹುಡುಕ್ತಿದೀಯ ಅಂತಾದ್ರೂ ನೆನಪಿದೆಯಾ?” ಹಾಲಿಗೆ ಸಕ್ಕರೆ ಹಾಕಿದರೆ, “ಎರಡನೇ ಸಲ ಹಾಕ್ತಿದೀಯ.” ಅತ್ತೆಯ ಕೈ ಚಮಚದ ಮೇಲೆ ತಡೆದು ನಿಲ್ಲತೊಡಗಿತು. ತಡೆದು ನಿಂತ ಕೈ ಚೆಲ್ಲುತ್ತದೆ. ಚೆಲ್ಲಿದ್ದಕ್ಕೆ ಮತ್ತೆ ಬೈಗುಳ. ಅವನು ಪೇಪರಿನ ಹಿಂದೆ ಕೂತು ಎಲ್ಲವನ್ನೂ ಕೇಳಿಸಿಕೊಂಡ. ಬಹಳ ಕಾಲದ ಮೇಲೆ ಆ ಮನೆಯಲ್ಲಿ ಅವನ ತಪ್ಪು ಹುಡುಕಲು ಯಾರಿಗೂ ಪುರಸೊತ್ತಿರಲಿಲ್ಲ.

ಒಂದು ದಿನ, ಯಾರೂ ಕೇಳದಿದ್ದರೂ, “ಬೆಳಿಗ್ಗೆ ಅತ್ತೆ ಒಲೆ ಆರಿಸಿರ್ಲಿಲ್ಲ, ನಾನೇ ನೋಡಿ ಆರಿಸ್ದೆ” ಎಂದ. ಸುಳ್ಳು. ಹೇಳಿದ ಮೇಲೆ ಅದು ಎಷ್ಟು ಸಣ್ಣದಾಗಿ, ನಯವಾಗಿ ಬಂತೆಂದು ಅವನಿಗೇ ಆಶ್ಚರ್ಯವಾಯಿತು. ಹೆಂಡತಿ ಅವನ ಕಡೆ ತಿರುಗಿ ಕೂತು, “ಹೌದಾ?” ಎಂದಳು. ಅವನ ಮಾತಿಗೆ ಅವಳು ಹಾಗೆ ಪೂರ್ತಿ ಮೈ ತಿರುಗಿಸಿ ಕೂತು ಎಷ್ಟೋ ಕಾಲವಾಗಿತ್ತು. ಇನ್ನೊಂದು ಹೇಳಬೇಕೆನ್ನಿಸಿತು, ಬಾಗಿಲು ಹಾರುಹೊಡೆದಿತ್ತು ಎಂದ. ಕೊನೆಗೆ ಇಬ್ಬರೂ ಕರೆದುಕೊಂಡು ಹೋದ ನರಗಳ ಡಾಕ್ಟರು ಅತ್ತೆಯಿಂದ ಗಡಿಯಾರದ ಚಿತ್ರ ಬರೆಸಿದರು, ನಾಲ್ಕು ಶಬ್ದ ಹೇಳಿ ಆಮೇಲೆ ಕೇಳಿದರು. ಅತ್ತೆ ಒಂದು ಶಬ್ದ ಮರೆತರು. “ಈ ವಯಸ್ಸಿಗೆ ಇಷ್ಟು ಇದ್ದದ್ದೇ. ಮನೇಲಿ ಹೇಗಿರ್ತಾರೆ ಅನ್ನೋದು ಮುಖ್ಯ” ಎಂದು ಡಾಕ್ಟರು ಅವನನ್ನು ನೋಡಿದರು. ಅವನು ಒಲೆಯ ವಿಷಯ ಹೇಳಿದ. ಬಾಗಿಲಿನ ವಿಷಯ ಹೇಳಿದ. ಅತ್ತೆ ಪಕ್ಕದ ಕುರ್ಚಿಯಲ್ಲೇ ಕೂತಿದ್ದರು, ಅಲ್ಲ ಅನ್ನಲಿಲ್ಲ. ತಮ್ಮ ಕೈಬೆರಳುಗಳನ್ನೇ ನೋಡುತ್ತ, ಆರಿಸಿರಲಿಲ್ಲವೇ, ಇರಬಹುದು, ಎಂಬಂತೆ ಕೂತಿದ್ದರು. ಮನೆಗೆ ಬರುವಾಗ ಹೆಂಡತಿ ವೃದ್ಧಾಶ್ರಮವೊಂದರ ಹೆಸರು ಎತ್ತಿದಳು. ಮರೆವಿನವರನ್ನು ಅಲ್ಲಿ ಬೀಗ ಹಾಕಿ ಜೋಪಾನವಾಗಿ ನೋಡಿಕೊಳ್ಳುತ್ತಾರಂತೆ.

ಆ ವಾರ ಅತ್ತೆ ಅವನ ಕೆಲಸದ ಜಾಗಕ್ಕೆ ಬಂದರು. ಸೊರಗಿದ್ದರಿಂದ ದವಡೆ ಕುಗ್ಗಿ ಸೆಟ್ಟು ಸಡಿಲಾಗಿತ್ತು. ಅವನು ಅದನ್ನು ಬಿಚ್ಚಿಸಿಕೊಂಡು ದೀಪದ ಕೆಳಗೆ ಉಜ್ಜತೊಡಗಿದ. ಹಲ್ಲಿಲ್ಲದ ಬಾಯಿ ಒಳಕ್ಕೆ ಜಗ್ಗಿ, ಅವರು ಇದ್ದಕ್ಕಿದ್ದಂತೆ ಯಾರದೋ ಅಜ್ಜಿಯಾಗಿಬಿಟ್ಟಿದ್ದರು. ಗೋಡೆಯ ಮೇಲಿನ ಅಚ್ಚುಗಳನ್ನು ಒಂದೊಂದಾಗಿ ನೋಡುತ್ತ, ಏನೋ ಸಣ್ಣ ವಿಷಯ ಕೇಳುವಂತೆ ಕೇಳಿದರು: “ಅವತ್ತು ಯಾಕೆ ಪರದೆ ಎಳೆದ್ರಿ?”

ಅವನ ಕೈಯಲ್ಲಿನ ಯಂತ್ರ ಸುತ್ತುತ್ತಲೇ ಇತ್ತು. “ಯಾವತ್ತು?”

“ಕಾರು ಹೋದ ದಿನ. ನಿದ್ದೆ ಬಂದಿರ್ಲಿಲ್ಲ ನನಗೆ. ಎದ್ದು ಕೋಣೆ ಬಾಗಿಲಿಗೆ ಬಂದಿದ್ದೆ, ನಿಮ್ಮ ಭುಜದಾಚೆ ಆ ಹುಡುಗ ಕಾಣ್ತಿದ್ದ. ನೀವು ಅವನನ್ನ ನೋಡಿದ್ರಿ, ಅವನೂ ನೋಡ್ದ. ಆಮೇಲೆ ಎಳೆದುಬಿಟ್ರಿ.” ಇನ್ನೊಂದು ಅಚ್ಚಿನ ಕಡೆ ತಿರುಗಿ, “ಡಬ್ಬೀನೂ ಆಗ್ಲೇ ನೋಡಿದ್ದೆ. ಖಾಲಿ ಇತ್ತು.”

ಅವನು ಯಂತ್ರ ನಿಲ್ಲಿಸಿದ. ಕೋಣೆಯ ತುಂಬ ಗುಲಾಬಿ ಬಣ್ಣದ ಪುಡಿ ತೇಲುತ್ತಿತ್ತು. ಹಾಗಾದರೆ ಅರಳುಮರುಳಲ್ಲ. ಹಾಗಾದರೆ ಅಂದು ಬಾಗಿಲಲ್ಲಿ ನಿಂತು ಹೇಳಿದ್ದು, ವಾರ ಕೇಳಿಸಿಕೊಂಡದ್ದು, ಬೈಸಿಕೊಂಡದ್ದು, ಡಾಕ್ಟರ ಮುಂದೆ ಬೆರಳು ನೋಡುತ್ತ ಕೂತದ್ದು, ಎಲ್ಲವೂ... “ಅತ್ತೆ, ನಾನು—”

“ಬೇಡ ಬಿಡಿ, ಯಾಕೆ ಅಂತ ಹೇಳ್ಬೇಡಿ. ನಿಮಗೂ ಗೊತ್ತಿರಲ್ಲ.” ಅವರು ಸೆರಗಿನ ತುದಿಯಿಂದ ತುಟಿ ಒರೆಸಿಕೊಂಡರು. “ನಾನು ಯಾರಿಗೂ ಹೇಳಲ್ಲ. ಹೇಳೋ ಹಾಗಿದ್ರೆ ಅವತ್ತೇ ಹೇಳ್ತಿದ್ದೆ. ಅವಳಿಗೆ ಗೊತ್ತಾದ್ರೆ ಇನ್ನು ನಿಮ್ಮ ಮುಖ ನೋಡಲ್ಲ, ನಾನೇ ಹೆತ್ತವಳಲ್ವಾ, ಅವಳ ಬುದ್ಧಿ ನನಗೆ ಗೊತ್ತು. ಕಾರು ಹೋದ್ರೆ ಇನ್ನೊಂದು ಬರುತ್ತೆ. ನೀವಿಬ್ರೂ ಬೇರೆ ಆದ್ರೆ ಅವಳ ಆ ಬಾಯಿಗೆ ಯಾರು ಸಿಕ್ತಾರೆ ಹೇಳಿ, ಒಬ್ಳೇ ಸಾಯ್ತಾಳೆ.” ನಕ್ಕರು, ಹಲ್ಲಿಲ್ಲದೆ. “ಬೈಸ್ಕೊಳ್ಳೋದು ಅಭ್ಯಾಸ ಇದೆ ನನಗೆ. ಆದ್ರೆ ಒಂದು. ನನ್ನನ್ನ ಅಲ್ಲಿಗೆ ಕಳಿಸೋಕೆ ಬಿಡ್ಬೇಡಿ. ನೀವು ಬೇಡ ಅಂದ್ರೆ ಈಗ ಅವಳು ಕೇಳ್ತಾಳೆ. ನಾನೂ ನೋಡ್ತಾ ಇದೀನಲ್ಲ, ಈಚೆಗೆ ನಿಮ್ಮ ಮಾತು ಕೇಳ್ತಾಳೆ.”

“ಆಯ್ತು ಅತ್ತೆ,” ಎಂದ. ಕಣ್ಣಲ್ಲಿ ನೀರು ಬಂದಿತ್ತು, ನಿಜವಾದ ನೀರು. “ನಾನಿದೀನಲ್ಲ.” ಸೆಟ್ಟು ತೊಳೆದು, ತಾನೇ ಅವರ ಬಾಯಿಗೆ ಕೂರಿಸಿ, “ಕಚ್ಚಿ ನೋಡಿ” ಎಂದ. ಅವರು ಕಚ್ಚಿದರು. ಸರಿಯಾಗಿ ಕೂತಿತ್ತು.

ಆದರೆ ಅವರು ಹೋದ ಮೇಲೆ ಕೂತು ಯೋಚಿಸಿದಾಗ, ಮೊದಲು ಬಂದ ಕೃತಜ್ಞತೆ ಒಂದು ಅಚ್ಚು ಒಣಗುವಷ್ಟು ಹೊತ್ತೂ ಉಳಿಯಲಿಲ್ಲ. ಇನ್ನು ಮುಂದೆ ಪ್ರತಿದಿನ ಅವರ ಎದುರು ಕೂತು ಉಣ್ಣಬೇಕು. ಅವರು ಸಾರು ಬಡಿಸುವಾಗ ಸೌಟಿನ ಮೇಲಿಂದ ನೋಡುತ್ತಾರೆ. ಏನೂ ಹೇಳುವುದಿಲ್ಲ, ದಯೆಯಿಂದ ನೋಡುತ್ತಾರೆ, ಇನ್ನೊಂದು ತುತ್ತು ಹಾಕುತ್ತಾರೆ. ಹೆಂಡತಿ ರೇಗಿದಾಗಲೆಲ್ಲ ಅದರಲ್ಲಿ ತನ್ನ ಪಾಲು ಎಷ್ಟೆಂದು ಅವರಿಗೆ ಗೊತ್ತಿರುತ್ತದೆ. ಸಾಯುವ ತನಕ ಹೇಳಲಾರರು, ಅದು ಅವನಿಗೆ ಖಚಿತ. ಹೇಳುತ್ತೇನೆಂದು ಹೆದರಿಸಿದ್ದರೆ ಕಾಲಿಗೆ ಬೀಳಬಹುದಿತ್ತು, ದ್ವೇಷಿಸಬಹುದಿತ್ತು. ಕೋಪವನ್ನು ತಡೆದುಕೊಳ್ಳುವುದು ಅವನಿಗೆ ಅಭ್ಯಾಸವಾಗಿತ್ತು. ಕ್ಷಮೆಯನ್ನು ದಿನಕ್ಕೆರಡು ಹೊತ್ತು ಹೇಗೆ ತಡೆದುಕೊಳ್ಳುವುದೆಂದು ಅವನಿಗೆ ಯಾರೂ ಕಲಿಸಿರಲಿಲ್ಲ.

ಸಂಜೆ ಹೆಂಡತಿ ಅಡುಗೆಮನೆಯ ಮೇಜಿನ ಮುಂದೆ ಹಣೆ ಒತ್ತಿಕೊಂಡು ಕೂತಿದ್ದಳು. “ಆಶ್ರಮದೋರು ಫೋನ್ ಮಾಡಿದ್ರು. ಜಾಗ ಇದೆಯಂತೆ. ನನಗೆ ಮನಸ್ಸೇ ಬರ್ತಿಲ್ಲ ರೀ. ಎಷ್ಟು ಬೈದ್ರೂ ಅಮ್ಮ. ನೀವೇನಂತೀರಿ?” ಅವಳು ಕೇಳುತ್ತಿದ್ದದ್ದು ‘ಬೇಡ’ ಎಂಬ ಶಬ್ದವನ್ನು. ಅದು ಅವನಿಗೆ ಸ್ಪಷ್ಟವಾಗಿ ತಿಳಿಯಿತು. ಅಷ್ಟು ಹೇಳಿದ್ದರೆ ಅವಳಿಗೂ ಸಮಾಧಾನ, ಅತ್ತೆಗೂ. ಅವನು ಕುರ್ಚಿ ಎಳೆದು ಅವಳ ಪಕ್ಕ ಕೂತ. “ಹೇಳಬಾರದು ಅಂದ್ಕೊಂಡಿದ್ದೆ,” ಎಂದ. “ಇವತ್ತು ಹಲ್ಲು ಸರಿಮಾಡಿಸ್ಕೊಳ್ಳೋಕೆ ಬಂದಿದ್ರಲ್ಲ. ಏನೇನೋ ಮಾತಾಡಿದ್ರು. ಕಾರು ಕದ್ದೋನನ್ನ ನಾನು ಕಿಟಕೀಲಿ ನಿಂತು ನೋಡ್ತಾ ಇದ್ನಂತೆ. ಅವನೂ ನನ್ನನ್ನ ನೋಡಿದ್ನಂತೆ. ಆಮೇಲೆ ನಾನು ಪರದೆ ಎಳೆದ್ನಂತೆ.” ತನ್ನ ದನಿ ನಡುಗಿದ್ದು ಅವನಿಗೆ ಕೇಳಿಸಿತು. ನಡುಗಿದ್ದು ಒಳ್ಳೆಯದೇ ಆಯಿತು. “ಕೀ ತೆಗೆದಿದ್ದೂ ನಾನೇ ಅಂತೆ.”

ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದಳು. “ನಿಮ್ಮ ಮೇಲಾ?” “ಬೇಜಾರಿಲ್ಲ ನನಗೆ. ಕಾಯಿಲೆ ತಾನೇ ಮಾತಾಡಿಸೋದು.” ಅವಳು ಎದ್ದು ಅಮ್ಮನ ಕೋಣೆಗೆ ಹೋದಳು. ಅವನೂ ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತ. “ಅಮ್ಮಾ,” ಎಂದಳು, ಬಹಳ ದಿನಗಳ ಮೇಲೆ ಮೆತ್ತಗೆ, “ಇವತ್ತು ಇವರ ಹತ್ರ ಕಾರಿನ ವಿಷಯ ಏನು ಹೇಳ್ದೆ?”

ಅತ್ತೆ ಮಗಳ ಭುಜದಾಚೆಯಿಂದ ಅವನನ್ನು ನೋಡಿದರು. ಒಂದು ಮಾತಿಗೆ ಬೇಕಾದಷ್ಟು ಹೊತ್ತು ನೋಡಿದರು. ಅವನು ಕಣ್ಣು ತಪ್ಪಿಸಲಿಲ್ಲ. “ನಾನಾ?” ಎಂದರು ಅತ್ತೆ. “ಏನೂ ಹೇಳಿಲ್ವಲ್ಲ. ಹಲ್ಲು ಸರಿಮಾಡ್ಕೊಟ್ರು, ಬಂದೆ.” “ಕಿಟಕಿ, ಪರದೆ ಅಂತ ಏನೋ?” “ಯಾವ ಪರದೆಯ ಮಾತೂ ಆಡಿಲ್ಲ ಕಣೇ. ನಾನ್ಯಾಕೆ ಆಡ್ಲಿ.” ಕೊಟ್ಟ ಮಾತನ್ನು ಉಳಿಸಿಕೊಂಡ ಸಣ್ಣ ಹೆಮ್ಮೆ ಕೂಡ ಆ ದನಿಯಲ್ಲಿತ್ತು. ಹೆಂಡತಿ ಹೊರಗೆ ಬಂದು ಬಾಗಿಲು ಮುಚ್ಚಿ, ಅವನ ಎದೆಗೆ ಹಣೆ ಇಟ್ಟು ಅಳತೊಡಗಿದಳು. “ಆಡಿದ್ದೇ ನೆನಪಿಲ್ಲ ರೀ. ಬೆಳಿಗ್ಗೆ ಆಡಿದ್ದು ಸಂಜೆಗೆ ನೆನಪಿಲ್ಲ.” ಅವನು ಅವಳ ಬೆನ್ನು ಸವರಿದ. ಬೆನ್ನುಮೂಳೆ ಕೈಗೆ ಸಿಗುತ್ತಿತ್ತು. ಇವಳೂ ಸೊರಗಿದ್ದಾಳೆ ಎಂದುಕೊಂಡ.

ಆಶ್ರಮದ ಕೋಣೆ ಚೊಕ್ಕಟವಾಗಿತ್ತು. ಒಂದು ಮಂಚ, ಗೋಡೆಗೆ ಕೂರಿಸಿದ ಒಂದು ಬೀರು, ಮೂಲೆಗಳಿಗೆಲ್ಲ ತಲೆ ತಾಗದಂತೆ ರಬ್ಬರು. ಬಾಡಿಗೆ ಕಾರಿನಿಂದ ಇಳಿದು ಬಂದ ಅತ್ತೆ ಮಂಚದ ತುದಿಯಲ್ಲಿ ಕೂತಿದ್ದರು. ಮಗಳು ಸೀರೆಗಳನ್ನು ಬೀರುವಿಗೆ ಜೋಡಿಸುತ್ತಿರುವಾಗ, ಮೇಟ್ರನ್ ಬಾಗಿಲಲ್ಲಿ ನಿಂತಿರುವಾಗ, ಒಮ್ಮೆಲೇ ಮಗಳ ಮಣಿಕಟ್ಟು ಹಿಡಿದುಕೊಂಡರು. “ನನಗೆ ಮರೆವಿಲ್ಲ ಕಣೇ. ಎಲ್ಲಾ ನೆನಪಿದೆ. ಅವತ್ತು ಇವರು ಕಿಟಕಿ ಹತ್ರ ನಿಂತಿದ್ರು. ಇವರೇ ಪರದೆ ಎಳೆದಿದ್ದು. ಕೇಳು, ಇವರನ್ನೇ ಕೇಳು.” ಹೆಂಡತಿ ಬಗ್ಗಿ ಅಮ್ಮನ ನೆತ್ತಿಯ ಮೇಲೆ ಕೈಯಿಟ್ಟಳು. “ಹೌದಮ್ಮ,” ಎಂದಳು. “ಹೌದು. ಗೊತ್ತಮ್ಮ.” ಮಗುವಿಗೆ ಹೇಳುವ ದನಿಯಲ್ಲಿ, ಒಂದು ಹನಿಯೂ ಕೋಪವಿಲ್ಲದೆ. ಅತ್ತೆ ಆ ದನಿಯನ್ನು ಗುರುತಿಸಿದರು. ಮಣಿಕಟ್ಟು ಬಿಟ್ಟರು. ಆಮೇಲೆ ಅವನ ಕಡೆ ತಿರುಗಿದರು, ದೂರುವುದಕ್ಕಲ್ಲ, ಕಾಯುವುದಕ್ಕೆ. ಈಗಲಾದರೂ ಒಂದು ಮಾತು ಬರುತ್ತದೆ ಎಂದು ನಿಜವಾಗಿಯೂ ಕಾದರು. ಅವನು ಮೇಟ್ರನ್ ಕಡೆ ತಿರುಗಿ, “ಮಧ್ಯಾಹ್ನ ಇಲ್ಲಿ ಬಿಸಿಲು ಜಾಸ್ತಿ ಬರುತ್ತಾ?” ಎಂದು ಕೇಳಿದ. “ಅಷ್ಟಿಲ್ಲ ಸರ್” ಎಂದಳು ಆಕೆ.

ವಾಪಸು ಬರುವಾಗ ಹೆಂಡತಿ ಅವನ ಭುಜಕ್ಕೆ ತಲೆಯಿಟ್ಟು, “ನೀವಿಲ್ದಿದ್ರೆ ನನ್ನ ಕೈಲಿ ಆಗ್ತಿರ್ಲಿಲ್ಲ” ಎಂದಳು. ಹಾಗೆಯೇ ನಿದ್ದೆ ಹೋದಳು, ಬಾಯಿ ಸ್ವಲ್ಪ ತೆರೆದುಕೊಂಡು. ಅವಳ ಉಸಿರು ಅಂಗಿಯ ಮೂಲಕ ಬೆಚ್ಚಗೆ ತಾಗುತ್ತಿತ್ತು. ತಾನು ಅಳಬೇಕು, ಅಥವಾ ಡ್ರೈವರಿಗೆ ಹೇಳಿ ಗಾಡಿ ತಿರುಗಿಸಬೇಕು ಎಂದು ಅವನಿಗೆ ಅನ್ನಿಸಿತು. ಅನ್ನಿಸಿದ್ದು ಎಷ್ಟು ದೂರದಿಂದ ಎಂದರೆ, ಬೇರೆ ಯಾರೋ ಮಾಡಬೇಕಾದ ಕೆಲಸದಂತೆ. ಅವಳಿಗೆ ಎಚ್ಚರವಾಗದಿರಲೆಂದು ತೋಳು ಜೋಮು ಹಿಡಿದರೂ ಅಲುಗಾಡದೆ ಕೂತ. ಬೀದಿಗಳು ಒಂದೊಂದಾಗಿ ಹಿಂದೆ ಸರಿದವು. ಬಹಳ ದಿನಗಳ ಮೇಲೆ ಅವನಿಗೆ ಚೆನ್ನಾಗಿ ಹಸಿವಾಗಿತ್ತು.